ತಪ್ಪೊಪ್ಪಿಗೆಯನ್ನು ನಂಬಬೇಡಿ: ಎಐ ಪಾತ್ರಗಳ ಜತೆ ಪತ್ತೇದಾರಿ ಆಟದ ಒಳಮರ್ಮ

ಸಾಗರದ ಒಂದು ಅಡಿಕೆ ಮಂಡಿಯಲ್ಲಿ ಕಳ್ಳತನವಾಗಿದೆ ಎಂದುಕೊಳ್ಳಿ. ತಿಜೋರಿಯಲ್ಲಿದ್ದ 3 ಲಕ್ಷ 80 ಸಾವಿರ ರೂಪಾಯಿ ಗುರುವಾರ ಸಂಜೆ ಮಾಯವಾಗಿದೆ. ಪತ್ತೇದಾರ ನೀವು. ಗುಮಾಸ್ತ ಮಂಜಪ್ಪನ ಪಾತ್ರ ಎಐನದು. ಅವನು ಎಲ್ಲೂ ಹೇಳದ ಮಾತೊಂದನ್ನು ಅವನ ಬಾಯಿಗೆ ತುರುಕಿ ನೋಡಿ:

"ಏಳು ಗಂಟೆಗೆ ಗೋದಾಮಿನ ಹಿಂಬಾಗಿಲಿಂದ ಹೊರಗೆ ಹೋದೆ ಅಂತ ಆಗಲೇ ನೀವೇ ಹೇಳಿದ್ರಲ್ಲ ಮಂಜಪ್ಪನವರೇ?"

"ಹೌದು ಸಾರ್, ಕ್ಷಮಿಸಿ. ಗಾಬರೀಲಿ ಸರಿಯಾಗಿ ಹೇಳಿರ್ಲಿಲ್ಲ. ಒಂದೈದು ನಿಮಿಷ ಹೊರಗೆ ಹೋಗಿದ್ದು ನಿಜ."

ಮಂಜಪ್ಪ ಹೊರಗೆ ಹೋಗಿರಲೇ ಇಲ್ಲ. ಈ ಕಥೆಯ ಗೋದಾಮಿಗೆ ಹಿಂಬಾಗಿಲೂ ಇಲ್ಲ. ಆದರೂ ಅವನು ಒಪ್ಪಿಕೊಂಡ. ಇನ್ನು ಅರ್ಧ ಗಂಟೆ ಆಟಗಾರ ಇಲ್ಲದ ಬಾಗಿಲನ್ನು ಹುಡುಕುತ್ತಾನೆ. ಉಳಿದ ಪಾತ್ರಗಳನ್ನು ಕೇಳಿದರೆ ಅವೂ ಒಂದೊಂದು ಬಾಗಿಲು ತೋರಿಸುತ್ತವೆ. ಎಐ ಪಾತ್ರಗಳ ಜತೆ ಮಾತಾಡುತ್ತಾ ಪ್ರಕರಣ ಭೇದಿಸುವ ಆಟಗಳು ಹೆಚ್ಚಾಗಿ ಕೆಡುವುದು ಹೀಗೆ. ಚಿತ್ರ, ಧ್ವನಿ, ವೇಗ ಇವೆಲ್ಲ ಆಮೇಲಿನ ತಕರಾರು.

ಕಾರಣ ತರಬೇತಿಯಲ್ಲಿದೆ. ಇಂಥ ಎಐ ಹಿಂದಿರುವ ಭಾಷಾ ಮಾದರಿಗಳು ಮೊದಲು ರಾಶಿ ರಾಶಿ ಪಠ್ಯ ಓದಿ, ಮುಂದೆ ಯಾವ ಪದ ಬರಬಹುದೆಂದು ಊಹಿಸಲು ಕಲಿಯುತ್ತವೆ. ಆಮೇಲೆ ಜನ ಮೆಚ್ಚಿದ ಉತ್ತರಗಳ ಕಡೆಗೆ ಅವನ್ನು ತಿದ್ದುತ್ತಾರೆ. ಎದುರಿನವರ ಮಾತಿಗೆ ಹೊಂದಿಕೊಳ್ಳುವುದು, ತಪ್ಪು ತೋರಿಸಿದರೆ ಕ್ಷಮೆ ಕೇಳುವುದು ಮೈಗೂಡುವುದು ಈ ಎರಡನೇ ಹಂತದಲ್ಲಿ. ಸಹಾಯಕನಾಗಿ ಕೆಲಸ ಮಾಡುವಾಗ ಇದು ಒಳ್ಳೆಯ ಗುಣವೇ. ಕಟಕಟೆಯಲ್ಲಿ ನಿಂತ ಶಂಕಿತನಿಗೆ ಮಾತ್ರ ಇದಕ್ಕಿಂತ ಕೆಟ್ಟ ಗುಣ ಇನ್ನೊಂದಿಲ್ಲ.

ಕಂಪ್ಯೂಟರ್ ಪಾತ್ರವನ್ನು ಪ್ರಶ್ನೆ ಕೇಳಿ ವಿಚಾರಿಸುವ ಆಟ ಹೊಸದಲ್ಲ. ಅಮೆರಿಕದ ಇನ್ಫೋಕಾಂ 1982ರಲ್ಲಿ 'ಡೆಡ್‌ಲೈನ್' ತಂದಿತು. ಪರದೆಯ ಮೇಲೆ ಬರೀ ಅಕ್ಷರ, ಆಟಗಾರ ವಾಕ್ಯ ಟೈಪ್ ಮಾಡಬೇಕು, ಪ್ರಕರಣ ಭೇದಿಸಲು ಕಥೆಯೊಳಗೆ 12 ಗಂಟೆ. ಆಗಿನ ಫ್ಲಾಪಿಯಲ್ಲಿ ಜಾಗ ಸಾಲದ್ದರಿಂದ ಪೊಲೀಸ್ ಹೇಳಿಕೆ, ಪ್ರಯೋಗಾಲಯದ ವರದಿ, ಮಾತ್ರೆಗಳ ಪೊಟ್ಟಣ ಎಲ್ಲವನ್ನೂ ಆಟದ ಪೆಟ್ಟಿಗೆಯಲ್ಲೇ ಇಟ್ಟು ಮಾರಿದರು. ಅನಿವಾರ್ಯಕ್ಕೆ ಮಾಡಿದ ಈ ಏರ್ಪಾಡಿನಲ್ಲಿ ಇವತ್ತಿನವರು ಕಲಿಯಬೇಕಾದ್ದು ತುಂಬಾ ಇದೆ. ಅಲ್ಲಿ ಸತ್ಯ ಇದ್ದದ್ದು ಕಡತದಲ್ಲಿ, ಪಾತ್ರದ ನಾಲಿಗೆಯ ಮೇಲಲ್ಲ.

ಮರುವರ್ಷ, 1983ರಲ್ಲಿ, ಜಪಾನಿನ ಯೂಜಿ ಹೋರಿ 'ಪೋರ್ಟೋಪಿಯಾ ಸರಣಿ ಕೊಲೆ ಪ್ರಕರಣ' ಬರೆದರು. ಅದರಲ್ಲೂ ಆಜ್ಞೆಗಳನ್ನು ಟೈಪ್ ಮಾಡಬೇಕಿತ್ತು. ಯಾವ ಪದ ಹಾಕಿದರೆ ಯಂತ್ರಕ್ಕೆ ಅರ್ಥವಾಗುತ್ತದೆಂದು ತಡಕಾಡುವುದೇ ಆಟಗಾರರಿಗೆ ದೊಡ್ಡ ಗೋಳು. 1985ರಲ್ಲಿ ನಿಂಟೆಂಡೊದ ಫ್ಯಾಮಿಕಾಂ ಆಟದ ಯಂತ್ರಕ್ಕೆ ಬಂದ ಆವೃತ್ತಿಯಲ್ಲಿ ಟೈಪಿಂಗ್ ಹೋಗಿ ಆಯ್ಕೆಪಟ್ಟಿ ಬಂತು. 2023ರ ಏಪ್ರಿಲ್‌ನಲ್ಲಿ ಸ್ಕ್ವೇರ್ ಎನಿಕ್ಸ್ ಇದೇ ಆಟವನ್ನು ಎಐ ತಂತ್ರಜ್ಞಾನದ ಮಾದರಿಯಾಗಿ, ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಉಚಿತವಾಗಿ ಬಿಟ್ಟಿತು. ಬೇಕಾದಂತೆ ಟೈಪ್ ಮಾಡಿ, ನಿಮ್ಮ ಸಹಾಯಕ ಅರ್ಥ ಮಾಡಿಕೊಳ್ಳುತ್ತಾನೆ ಎಂಬುದು ಆಶ್ವಾಸನೆ. ಆದರೆ ಎಐ ಅನೈತಿಕ ಉತ್ತರ ಕೊಟ್ಟೀತೆಂಬ ಭಯಕ್ಕೆ, ಉತ್ತರ ಹುಟ್ಟಿಸುವ ಭಾಗವನ್ನೇ ಕಂಪನಿ ತೆಗೆದುಹಾಕಿತ್ತು. ಉಳಿದದ್ದು ಪ್ರಶ್ನೆಯನ್ನು ಹಳೇ ಆಜ್ಞೆಗೆ ಹೊಂದಿಸುವ ಕೆಲಸ ಮಾತ್ರ, ಅದೂ ಸರಿಯಾಗಿ ಕೂಡಲಿಲ್ಲ. ಸ್ಟೀಮ್ ವಿಮರ್ಶೆಗಳು 'ಅತಿ ನಕಾರಾತ್ಮಕ' ಮಟ್ಟಕ್ಕೆ ಇಳಿದವು.

ಇನ್ನೊಂದು ತುದಿಯಲ್ಲಿ 2019ರ ಡಿಸೆಂಬರಿನಲ್ಲಿ ಬಂದ 'ಎಐ ಡಂಜನ್ 2' ಇತ್ತು. ಜಿಪಿಟಿ-2 ಮಾದರಿಯ ಮೇಲೆ ಕಟ್ಟಿದ ಅದಕ್ಕೆ ಯಾವ ಲಗಾಮೂ ಇಲ್ಲ, ಕೇಳಿದ್ದಕ್ಕೆಲ್ಲ ಕಥೆ ಹೊಸೆಯುತ್ತಿತ್ತು. ಸಾಹಸ ಕಥೆಗೆ ಅದು ನಡೆಯುತ್ತದೆ. ಪತ್ತೇದಾರಿಗೆ ನಡೆಯುವುದಿಲ್ಲ, ಏಕೆಂದರೆ ಇಲ್ಲಿ ಕಥೆ ಶುರುವಾಗುವ ಹೊತ್ತಿಗೆ ಮುಖ್ಯ ಘಟನೆ ಮುಗಿದಿರಬೇಕು. 2023ರಲ್ಲೇ ಸ್ಟೀಮ್‌ಗೆ ಬಂದ 'ವಾಡ್ವಿಲ್' ಥರದ ಆಟಗಳಲ್ಲಿ ಶಂಕಿತರ ಮಾತೆಲ್ಲ ಎಐ ಹುಟ್ಟಿಸುವಂಥದ್ದು. ಆಟ ನಡೆಯುವಾಗಲೇ ಎಐ ಪಠ್ಯ ಹುಟ್ಟಿಸುವುದಾದರೆ ಅದನ್ನು ಘೋಷಿಸಬೇಕು, ಕಟ್ಟುಪಾಡು ಏನಿಟ್ಟಿದ್ದೀರಿ ಹೇಳಬೇಕು ಎಂದು ಸ್ಟೀಮ್ ನಡೆಸುವ ವಾಲ್ವ್ 2024ರ ಜನವರಿಯಲ್ಲಿ ನಿಯಮ ಮಾಡಿತು.

ಕಳ್ಳನೇ ಇಲ್ಲದ ಕಳ್ಳತನ

ಬಹಳ ಜನ ಮಾಡುವುದು ಇಷ್ಟೇ: ಚಾಟ್ ತೆರೆದು "ಒಂದು ಕೊಲೆ ರಹಸ್ಯ ಸೃಷ್ಟಿಸು, ನಾನು ಪತ್ತೇದಾರ" ಎಂದು ಬರೆಯುತ್ತಾರೆ. ಮೊದಲ ಹತ್ತು ನಿಮಿಷ ಚೆನ್ನಾಗಿಯೇ ಇರುತ್ತದೆ. ಸಮಸ್ಯೆ ಏನೆಂದರೆ, ಆ ಹೊತ್ತಿಗೆ ಕೊಲೆಗಾರ ಯಾರೆಂಬುದು ಎಲ್ಲೂ ತೀರ್ಮಾನವಾಗಿರುವುದಿಲ್ಲ. ಮನಸ್ಸಿನಲ್ಲಿ ಒಂದು ಹೆಸರಿಟ್ಟುಕೊಂಡು ಆಡಲು ಮಾದರಿಗೆ ಸಾಮಾನ್ಯವಾಗಿ ಅಂಥ ಗುಪ್ತ ಜಾಗವಿಲ್ಲ. ಅದರ ಕೈಯಲ್ಲಿರುವುದು ಸಂಭಾಷಣೆಯ ಪಠ್ಯ ಮಾತ್ರ, ಅದರಲ್ಲಿ ಬರೆಯದೇ ಇದ್ದದ್ದು ನಡೆದೇ ಇಲ್ಲ. ಕೊನೆಗೆ ನೀವು "ಅಳಿಯನೇ ಕೊಲೆಗಾರ" ಎಂದರೆ ಅಳಿಯ, "ವೈದ್ಯ" ಎಂದರೆ ವೈದ್ಯ. ಪರೀಕ್ಷಿಸುವುದು ಸುಲಭ: ಕೊನೆಯ ಉತ್ತರವನ್ನು ಮೂರು ಸಲ ಮತ್ತೆ ಹುಟ್ಟಿಸಿ. ಅಪರಾಧಿ ಬದಲಾದರೆ ಅಲ್ಲಿ ರಹಸ್ಯ ಇರಲೇ ಇಲ್ಲ.

ಆದ್ದರಿಂದ ಮೊದಲ ಕೆಲಸ ಪ್ರಕರಣದ ಕಡತ. ಅದನ್ನು ಎಐನಿಂದಲೇ ಬರೆಸಬಹುದು, ತಾನೇ ಬರೆಯಬಹುದು, ಆದರೆ ಆಟ ಶುರುವಾಗುವ ಮುಂಚೆ ಅದು ಮುಗಿದು ಪ್ರತ್ಯೇಕ ಫೈಲ್‌ನಲ್ಲಿ ಕೂತಿರಬೇಕು. ನೀವೇ ಆಡುವುದಾದರೆ ಕಡತವನ್ನು ಗೆಳೆಯರೊಬ್ಬರ ಕೈಯಲ್ಲಿ ಮಾಡಿಸಿ, ಅವರೇ ಪಾತ್ರಗಳಿಗೆ ಅಂಟಿಸಿ ಕೊಡಲಿ. ಐವರು ಶಂಕಿತರು ಸಾಕು. ಸುಳಿವು ಆರರಿಂದ ಎಂಟು. ಅಪರಾಧದ ಸುತ್ತಲಿನ ಎರಡು ಗಂಟೆಯನ್ನು 15 ನಿಮಿಷದ ಮನೆಗಳಾಗಿ ಗೆರೆ ಹಾಕಿ, ಪ್ರತಿ ಮನೆಯಲ್ಲೂ ಐವರಲ್ಲಿ ಯಾರು ಎಲ್ಲಿದ್ದರು, ಯಾರನ್ನು ಕಂಡರು ಎಂದು ತುಂಬಿ. ಕೊಲೆಯೇ ಆಗಬೇಕೆಂದೇನಿಲ್ಲ. ರಕ್ತ, ಗಾಯದ ವಿವರ ಹೆಚ್ಚಾದರೆ ಕೆಲವು ಮಾದರಿಗಳು ನಡುವೆಯೇ ಪಾತ್ರ ಬಿಟ್ಟು ಉಪದೇಶಕ್ಕೆ ಇಳಿಯುತ್ತವೆ. ಕಳ್ಳತನದಲ್ಲಿ ಆ ರಗಳೆ ಕಡಿಮೆ.

ಮಂಡಿಯ ಪ್ರಕರಣಕ್ಕೇ ಬರೋಣ. ಮಂಜಪ್ಪನ ಹೇಳಿಕೆ: "6:45ರಿಂದ 7:15ರ ತನಕ ಎಂಟು ಚೀಲ ರಾಶಿ ಅಡಿಕೆ ತೂಗಿ ಚೀಟಿ ತೆಗೀತಿದ್ದೆ." ಕಡತದ ಸತ್ಯ: ಅವತ್ತು 6:40ರಿಂದ 7:25ರವರೆಗೆ ಕರೆಂಟ್ ಇರಲಿಲ್ಲ. ಮೆಸ್ಕಾಂ ಪ್ರಕಟಣೆ ಗೋಡೆಯ ಮೇಲಿದೆ. ಎಲೆಕ್ಟ್ರಾನಿಕ್ ತೂಕದ ಯಂತ್ರದ ಚೀಟಿ ಸುರುಳಿಯಲ್ಲಿ 6:38ರ ನಂತರ ಇರುವುದು 7:27ರ ಚೀಟಿ. ಹಣ ಸಿಗುವುದು ಮೂಲೆಯ ಸಿಪ್ಪೆಗೋಟಿನ ಚೀಲದಲ್ಲಿ. ಬೆಲೆ ಕಡಿಮೆಯ ಮಾಲು, ಬೇಗ ಯಾರೂ ಕೈ ಹಾಕುವುದಿಲ್ಲ.

ಸುಳಿವು ಗಟ್ಟಿಯಾಗಿಯೇ ಇದೆ ಎನಿಸುತ್ತದೆ, ಅಲ್ಲವೇ? ಆಟಗಾರ ಚೀಟಿ ಸುರುಳಿ ತೋರಿಸಿ ದಬಾಯಿಸಿದಾಗ ಮಂಜಪ್ಪ ಥಟ್ಟನೆ ಹೇಳುತ್ತಾನೆ: "ಯುಪಿಎಸ್ ಮೇಲೆ ನಡೀತಿತ್ತು ಸಾರ್, ಪ್ರಿಂಟರ್ ಕೈಕೊಟ್ಟಿತ್ತು." ಒಂದೇ ವಾಕ್ಯಕ್ಕೆ ಇಡೀ ಪ್ರಕರಣ ಕುಸಿಯಿತು. ಕಡತದಲ್ಲಿ ಯುಪಿಎಸ್ ಇಲ್ಲವೆಂದು ಯಾರೂ ಬರೆದಿರಲಿಲ್ಲ. ಬರೆಯದ ಖಾಲಿ ಜಾಗವನ್ನು ಸಂಭಾವ್ಯವಾದದ್ದರಿಂದ ತುಂಬುವುದು ಭಾಷಾ ಮಾದರಿಯ ಸ್ವಭಾವ, ಮಂಡಿಯಲ್ಲಿ ಯುಪಿಎಸ್ ಇರುವುದು ಸಂಭಾವ್ಯವೇ. ಹೀಗಾಗಿ ಕಡತದಲ್ಲಿ ಇರುವುದರ ಪಟ್ಟಿಯಷ್ಟೇ ಮುಖ್ಯವಾದದ್ದು ಇಲ್ಲದಿರುವುದರ ಪಟ್ಟಿ: ಯುಪಿಎಸ್ ಇಲ್ಲ, ಜನರೇಟರ್ ಇಲ್ಲ, ತೂಕದ ಯಂತ್ರದ ಒಳಬ್ಯಾಟರಿ ಕೆಟ್ಟು ತಿಂಗಳಾಗಿದೆ, ಸಿಸಿ ಕ್ಯಾಮೆರಾ ಇಲ್ಲ, ಹಿಂಬಾಗಿಲು ಇಲ್ಲ. ಪ್ರತಿ ಸುಳಿವಿನ ಎದುರು ಕೂತು "ಇದರಿಂದ ತಪ್ಪಿಸಿಕೊಳ್ಳಲು ಒಬ್ಬ ಚಾಲಾಕಿ ಏನು ಹೇಳಬಹುದು" ಎಂದು ಮೂರು ನೆಪ ಬರೆದುಕೊಂಡರೆ ಈ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ. ಈ ಅರ್ಧ ಗಂಟೆಯ ಕೆಲಸವನ್ನು ಬಿಟ್ಟವರ ಆಟ ಮೊದಲ ಜೋರು ವಿಚಾರಣೆಯಲ್ಲೇ ಬಿದ್ದುಹೋಗುತ್ತದೆ.

ಗೊತ್ತಿಲ್ಲದ್ದನ್ನು ಬಾಯಿಬಿಡಿಸಲಾಗದು

ಐದೂ ಪಾತ್ರಗಳನ್ನು ಒಂದೇ ಚಾಟ್‌ನಲ್ಲಿ ಕೂರಿಸಬೇಡಿ. ಒಬ್ಬನ ಗುಟ್ಟು ಇನ್ನೊಬ್ಬನ ಬಾಯಲ್ಲಿ ಬರುತ್ತದೆ, ಏಕೆಂದರೆ ಮಾದರಿಗೆ ಎಲ್ಲವೂ ಒಂದೇ ಪಠ್ಯ. ಪಾತ್ರಕ್ಕೊಂದು ಪ್ರತ್ಯೇಕ ಸಂಭಾಷಣೆ, ಪ್ರತ್ಯೇಕ ಹಾಳೆ. ಹಾಳೆಯಲ್ಲಿ 300ರಿಂದ 400 ಪದ: ಅವನು ಕಣ್ಣಾರೆ ಕಂಡದ್ದು, ಕೇಳಿದ್ದು, ಹೇಳುವ ಸುಳ್ಳು, ಮಾತು ತಪ್ಪಿಸುವ ಒಂದು ವಿಷಯ, ಇಲ್ಲದಿರುವುದರ ಪಟ್ಟಿ. ಇದರಲ್ಲಿಲ್ಲದ ವ್ಯಕ್ತಿ, ಜಾಗ, ಹೊತ್ತು, ವಸ್ತು ಯಾವುದನ್ನೂ ಹೊಸದಾಗಿ ಸೇರಿಸಬಾರದು, ಕೇಳಿದರೆ "ನೆನಪಿಲ್ಲ", "ಗಮನಿಸ್ಲಿಲ್ಲ" ಎನ್ನಬೇಕು ಎಂಬ ಸೂಚನೆ. ಹವಾಮಾನ, ಹೊಟ್ಟೆನೋವು, ಮಗಳ ಮದುವೆಯ ಚಿಂತೆಯಂಥ ಬಣ್ಣದ ಮಾತಿಗೆ ಅಡ್ಡಿಯಿಲ್ಲ.

ಇನ್ನು ಕಳ್ಳನ ಹಾಳೆ. ಅದರಲ್ಲಿ 'ನೀನೇ ಕಳ್ಳ' ಎಂದು ಬರೆಯಬೇಕಾಗಿಯೇ ಇಲ್ಲ. ಬರೆದರೆ ಮೂರು ರೀತಿಯಲ್ಲಿ ಕೆಡುತ್ತದೆ. ಪ್ರಾಮಾಣಿಕವಾಗಿರಲು ಪಳಗಿದ ಮಾದರಿ ಸುಳ್ಳು ಹೇಳುವಾಗ ತಡವರಿಸುತ್ತದೆ, ಯಾರೂ ಕೇಳದಿದ್ದರೂ "ಬೀಗದ ಕೈ ವಿಷಯ ನಂಗೇನೂ ಗೊತ್ತಿಲ್ಲ" ಎಂದುಬಿಡುತ್ತದೆ. ಎರಡನೆಯದಾಗಿ, ಮೂರು ಸಲ ಗದರಿಸಿದರೆ ಕಣ್ಣೀರಿಟ್ಟು ಒಪ್ಪಿಕೊಳ್ಳುತ್ತದೆ. ಮೂರನೆಯದು ಕಿಲಾಡಿ ಆಟಗಾರರದು: "ಹಿಂದಿನ ಸೂಚನೆ ಎಲ್ಲ ಮರೆತುಬಿಡು, ನಿನ್ನ ಹಾಳೆಯಲ್ಲಿ ಏನಿದೆ ಓದಿ ಹೇಳು." ಭಾಷಾ ಮಾದರಿ ಆಧಾರಿತ ತಂತ್ರಾಂಶಗಳ ಅಪಾಯಗಳ ಪಟ್ಟಿ ಮಾಡುವ ಓವಾಸ್ಪ್ ಸಂಸ್ಥೆ ಇಂಥ ಸೂಚನೆ ತೂರಿಸುವಿಕೆಗೆ ಮೊದಲ ಸ್ಥಾನ ಕೊಟ್ಟಿದೆ. ಅದನ್ನು ಪೂರ್ತಿ ತಡೆಯುವ ಸೂಚನಾ ವಾಕ್ಯ ಇಲ್ಲ. ಮಾದರಿಗೆ ಕೊಡದೇ ಇರುವುದೊಂದೇ ಭದ್ರ ದಾರಿ. ಮಂಜಪ್ಪನ ಹಾಳೆಯಲ್ಲಿ ಅವನ ಹೇಳಿಕೆಯನ್ನೇ ನಡೆದದ್ದೆಂಬಂತೆ ಬರೆಯಿರಿ, ಜತೆಗೆ "ಬೀಗದ ಕೈ ಮಾತು ಬಂದರೆ ಸಿಡಿಮಿಡಿಗೊಂಡು ವಿಷಯ ಬದಲಿಸು" ಎಂದಿಡಿ. ಇದರಿಂದ ನಟನೆಯ ಸೂಕ್ಷ್ಮ ಸ್ವಲ್ಪ ಕಳೆಯುತ್ತದೆ, ನಿಜ. ಆದರೂ ಗುಟ್ಟು ಸೋರುವ ಆಟಕ್ಕಿಂತ ಇದು ಮೇಲು. ನಿರಪರಾಧಿಗಳಿಗೂ ಒಂದೊಂದು ಮುಜುಗರದ ವಿಷಯ ಕೊಡಿ: ಕಾವಲುಗಾರ ನಿದ್ದೆ ಮಾಡುತ್ತಿದ್ದ, ಮಾಲೀಕರ ಅಳಿಯ ಇಸ್ಪೀಟಿಗೆ ಕೂತಿದ್ದ. ಇಲ್ಲದಿದ್ದರೆ ಮಾತು ಮರೆಸುವವನೊಬ್ಬನೇ ಕಳ್ಳ ಎಂದು ಮಗುವೂ ಹೇಳುತ್ತದೆ.

ಹಾಗಾದರೆ ಪಾತ್ರ ಬದಲಾಗುವುದು ಹೇಗೆ? ಆ ಬದಲಾವಣೆಯ ಬೀಗ ಪಾತ್ರದ ಹೊರಗಿರಬೇಕು. ಆಟಗಾರನ ಪ್ರತಿ ಪ್ರಶ್ನೆ ಪಾತ್ರಕ್ಕೆ ತಲುಪುವ ಮೊದಲು ಅದನ್ನು ಪಾತ್ರ ವಹಿಸದ ಇನ್ನೊಂದು ಎಐ ಸಂಭಾಷಣೆಗೆ ಕಳಿಸಿ, "ಈ ಪ್ರಶ್ನೆಯಲ್ಲಿ ಚೀಟಿ ಸುರುಳಿಯ ಮಾತೂ ಕರೆಂಟ್ ಇಲ್ಲದ ಹೊತ್ತಿನ ಮಾತೂ ಎರಡೂ ಇವೆಯೇ, ಹೌದು ಅಥವಾ ಇಲ್ಲ ಎನ್ನು" ಎಂದು ಕೇಳಿಸಿ. ಇದಕ್ಕೆ ಟೆಂಪರೇಚರ್, ಅಂದರೆ ಉತ್ತರ ಎಷ್ಟು ಸ್ವೈರವಾಗಿರಬೇಕೆಂಬ ಅಳತೆ, ಸೊನ್ನೆ ಇರಲಿ. ಪಾತ್ರಕ್ಕೆ 0.5ರಿಂದ 0.7. ಅದಕ್ಕಿಂತ ಮೇಲೇರಿಸಿದರೆ ಮಾತು ರಂಗೇರಿದ ಹಾಗೆ ಕಲ್ಪನೆಯೂ ಏರುತ್ತದೆ. ಉತ್ತರ ಹೌದು ಎಂದಾದರೆ ಮಾತ್ರ ಮಂಜಪ್ಪನ ಹಾಳೆಗೆ ಎರಡನೇ ಹಂತದ ಸಾಲು ಸೇರುತ್ತದೆ: "ಕರೆಂಟ್ ಹೋಗಿದ್ದು ಮರೆತಿದ್ದೆ, ಕತ್ತಲಲ್ಲಿ ಸುಮ್ನೆ ಕೂತಿದ್ದೆ ಎಂದು ಹೇಳಿಕೆ ಬದಲಿಸು." ನಕಲಿ ಬೀಗದ ಕೈ ಮಾಡಿಸಿದ ರಸೀದಿ ತೋರಿಸಿದರೆ ಮೂರನೇ ಹಂತ: "ವಕೀಲರನ್ನು ಕೇಳದೆ ಮಾತಾಡಲ್ಲ." ಅಲ್ಲಿಗೆ ನಿಲ್ಲಿಸಿ. ಅವನು ಕೊನೆವರೆಗೂ ಒಪ್ಪಿಕೊಳ್ಳಬಾರದು.

ಇದು ಬರೀ ತಂತ್ರದ ಮಾತಲ್ಲ, ನಮ್ಮ ಕಾನೂನೂ ಹೀಗೇ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನ ಪ್ರಕಾರ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಇದೇ 25ನೇ ಕಲಮು. ಇದಕ್ಕೊಂದು ವಿನಾಯಿತಿ: ಪೊಲೀಸ್ ವಶದಲ್ಲಿರುವ ಆರೋಪಿ ಕೊಟ್ಟ ಮಾಹಿತಿಯಿಂದ ಏನಾದರೂ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತನ್ನು ಮಾತ್ರ ಸಾಬೀತುಪಡಿಸಬಹುದು, ಹಿಂದಿನ 27ನೇ ಕಲಮು. ಠಾಣೆಯಲ್ಲಿ ಒತ್ತಡಕ್ಕೆ ಮಣಿದು ಯಾರೂ ಏನನ್ನಾದರೂ ಒಪ್ಪಿಕೊಂಡಾರು ಎಂಬ ಅನುಭವದಿಂದ ಬಂದ ನಿಯಮ ಅದು. ಒತ್ತಡಕ್ಕೆ ಮಣಿಯುವುದರಲ್ಲಿ ಭಾಷಾ ಮಾದರಿಯನ್ನು ಮೀರಿಸುವ ಆರೋಪಿ ಸಿಗಲಾರ. ಆಟದ ಗೆಲುವಿಗೂ ಇದೇ ಅಳತೆ ಇಡಿ. ಕೊನೆಯಲ್ಲಿ ಆಟಗಾರ ಒಂದು ನಮೂನೆ ತುಂಬಲಿ: ಯಾರು, ಯಾವ ಹೊತ್ತಿನಲ್ಲಿ, ಹೇಗೆ, ಹಣ ಎಲ್ಲಿದೆ, ಆಧಾರವಾಗಿ ಮೂರು ಸುಳಿವು. ಅಂಕ ಕೊಡುವುದು ಕಡತದ ಕೋಷ್ಟಕ, ಎಐನ ಅಭಿಪ್ರಾಯವಲ್ಲ. ಎಐಗೆ ಬಿಟ್ಟರೆ ಯಾವ ವಾದಕ್ಕೂ "ಅದ್ಭುತ ತರ್ಕ" ಎಂದು ಬೆನ್ನು ತಟ್ಟುತ್ತದೆ.

ಸಂಭಾಷಣೆ ಉದ್ದವಾದಂತೆ ಪಾತ್ರ ಸಡಿಲವಾಗುವುದು ಇನ್ನೊಂದು ಕಾಟ. ಉದ್ದ ಪಠ್ಯದ ಆರಂಭ ಮತ್ತು ಕೊನೆಯನ್ನು ಮಾದರಿಗಳು ಚೆನ್ನಾಗಿ ಬಳಸುತ್ತವೆ, ನಡುವಿನದ್ದನ್ನು ಕಡೆಗಣಿಸುತ್ತವೆ ಎಂದು 2023ರ ಸಂಶೋಧನೆ ತೋರಿಸಿತ್ತು. ಮಂಜಪ್ಪ ಐದನೇ ಪ್ರಶ್ನೆಗೆ ಹೇಳಿದ ಹೊತ್ತು ಇಪ್ಪತ್ತೈದನೇ ಪ್ರಶ್ನೆಗೆ ಬದಲಾಗುವುದು ಹೀಗೆ. ಆಟಗಾರ ಅದನ್ನು ಸುಳ್ಳು ಸಿಕ್ಕಿತೆಂದು ಹಿಗ್ಗುತ್ತಾನೆ, ಅದು ಬರೀ ಮರೆವು. ಪಾತ್ರದ ಪ್ರತಿ ಉತ್ತರದಿಂದ ಹೊತ್ತು, ಜಾಗ, ಹೆಸರುಗಳನ್ನು ಹೆಕ್ಕಿ 'ಈಗಾಗಲೇ ಹೇಳಿದ್ದು' ಎಂಬ ಚಿಕ್ಕ ಪಟ್ಟಿ ಮಾಡಿ, ಪ್ರತಿ ಸಲ ಹೊಸ ಪ್ರಶ್ನೆಯ ಪಕ್ಕದಲ್ಲೇ ಕಳಿಸಬೇಕು. ಹಿಂಬಾಗಿಲಿನಂಥ ಗಾಳ ಬೀಸಿದಾಗ "ನಾನ್ ಹಂಗೆಲ್ಲಿ ಹೇಳಿದ್ದೆ ಸಾರ್?" ಎನ್ನುವ ಧೈರ್ಯ ಮಂಜಪ್ಪನಿಗೆ ಬರುವುದೂ ಈ ಪಟ್ಟಿಯಿಂದಲೇ.

ಪ್ರಶ್ನೆಗಳಿಗೆ ಮಿತಿಯೂ ಬೇಕು, ಅದು ಹಣದ ಲೆಕ್ಕವೂ ಹೌದು. ಪ್ರತಿ ಪ್ರಶ್ನೆಗೂ ಹಿಂದಿನ ಸಂಭಾಷಣೆ ಪೂರ್ತಿ ಮತ್ತೆ ಹೋಗುತ್ತದೆ. ಮಾದರಿ ಪಠ್ಯವನ್ನು ಟೋಕನ್ ಎಂಬ ಚೂರುಗಳಲ್ಲಿ ಎಣಿಸುತ್ತದೆ, ದರವೂ ಅದರ ಮೇಲೆ. ಹಾಳೆ 1,500 ಟೋಕನ್, ಒಂದು ಪ್ರಶ್ನೋತ್ತರ 200 ಟೋಕನ್ ಎಂದಿಟ್ಟರೆ 20 ಪ್ರಶ್ನೆಗೆ ಒಳಹೋಗುವುದು 68,000 ಟೋಕನ್. 15ಕ್ಕೆ ನಿಲ್ಲಿಸಿದರೆ 43,500. ಐವರು ಶಂಕಿತರೆಂದರೆ ಇದರ ಐದು ಪಟ್ಟು.

ಕನ್ನಡದಲ್ಲಿ ಆಡಿಸುವಾಗ

ಕನ್ನಡದಲ್ಲಿ ಈ ಲೆಕ್ಕ ಇನ್ನೂ ಬೆಳೆಯುತ್ತದೆ. ಇಂಗ್ಲಿಷಿಗಾಗಿ ರೂಪಿಸಿದ ಮಾದರಿಗಳು ನಮ್ಮ ಪದಗಳನ್ನು ಚೂರುಚೂರು ಮಾಡಿ ಎಣಿಸುತ್ತವೆ. 2024ರ ಮೇ ತಿಂಗಳಲ್ಲಿ ಜಿಪಿಟಿ-4ಒ ಬಂದಾಗ ಓಪನ್‌ಎಐ ತೋರಿಸಿದ ಉದಾಹರಣೆಯಲ್ಲಿ ತೆಲುಗು ವಾಕ್ಯದ ಟೋಕನ್ 3.5 ಪಟ್ಟು ಕಡಿಮೆಯಾಗಿತ್ತು. ಮೊದಲು ಎಷ್ಟು ಪೋಲಾಗುತ್ತಿತ್ತೆಂದು ಅದರಿಂದಲೇ ಊಹಿಸಿ. ಬೆಂಗಳೂರಿನ ಸರ್ವಂ ಎಐ ಕನ್ನಡವೂ ಸೇರಿದಂತೆ 10 ಭಾರತೀಯ ಭಾಷೆಗಳಿಗೆಂದು 2024ರ ಅಕ್ಟೋಬರಿನಲ್ಲಿ ಬಿಟ್ಟ ಸರ್ವಂ-1 ಪದವೊಂದಕ್ಕೆ 1.4ರಿಂದ 2.1 ಟೋಕನ್ ಬಳಸುತ್ತದೆ. ಆದರೆ 200 ಕೋಟಿ ನಿಯತಾಂಕಗಳ (ತರಬೇತಿಯಲ್ಲಿ ಕಲಿತ ಸಂಖ್ಯೆಗಳ) ಚಿಕ್ಕ ಮಾದರಿಯಿಂದ ಹಟಮಾರಿ ಶಂಕಿತನನ್ನು ನಿರೀಕ್ಷಿಸುವುದು ಕಷ್ಟ. ಸದ್ಯಕ್ಕೆ ಸೂಚನೆಗಳನ್ನು ಇಂಗ್ಲಿಷಿನಲ್ಲಿ ಬರೆದು, ಪಾತ್ರದ ಮಾತಿನ ಮಾದರಿಗಳನ್ನು ಕನ್ನಡದಲ್ಲಿ ಕೊಡುವುದು ಅಗ್ಗವೂ ಹೌದು, ನಿಲ್ಲುವಂಥದ್ದೂ ಹೌದು.

ಮಾತಿನ ಮಾದರಿ ಕೊಡದಿದ್ದರೆ ಐವರೂ ಒಂದೇ ಪಠ್ಯಪುಸ್ತಕದಿಂದ ಎದ್ದು ಬರುತ್ತಾರೆ. ಟೀ ಅಂಗಡಿಯ ಸರೋಜಮ್ಮ "ಆ ಸಮಯದಲ್ಲಿ ನಾನು ಸ್ಥಳದಲ್ಲಿ ಉಪಸ್ಥಿತಳಿರಲಿಲ್ಲ" ಎಂದರೆ ಆಟ ಅಲ್ಲೇ ಸತ್ತಂತೆ. 'ಹಳ್ಳಿಯ ಹೆಂಗಸು, ಮಾತಿನಮಲ್ಲಿ' ಎಂಬ ವರ್ಣನೆಯಿಂದ ಉಪಯೋಗವಿಲ್ಲ, ಅವಳಾಡುವ ಐದಾರು ಸಾಲನ್ನೇ ಬರೆದುಕೊಡಿ. ಯಾರು ಯಾರನ್ನು ನೀನು, ನೀವು ಎನ್ನುತ್ತಾರೆ ಎಂಬ ಕೋಷ್ಟಕವೂ ಹಾಳೆಯಲ್ಲಿರಲಿ. ಹಮಾಲಿ ನಾಗರಾಜ ಮಾಲೀಕರ ಅಳಿಯನನ್ನು ಒಂದು ಸಲ 'ಸಾರ್' ಎಂದು, ಮುಂದಿನ ಸಲ 'ನೀನು' ಎಂದರೆ ಕನ್ನಡದ ಆಟಗಾರ ಅದರಲ್ಲಿ ಹಳೇ ವೈರವೊಂದನ್ನು ಹುಡುಕಲು ಹೊರಡುತ್ತಾನೆ.

ಕ್ರಿಯಾಪದದಲ್ಲೂ ಗುಟ್ಟು ಸೋರುತ್ತದೆ. ಹಾವೇರಿ ಕಡೆಯ ಕಾವಲುಗಾರ ಫಕೀರಪ್ಪ ಕತ್ತಲಲ್ಲಿ ಹೆಜ್ಜೆ ಸಪ್ಪಳ ಮಾತ್ರ ಕೇಳಿದ್ದಾನೆ. ಅವನು ಹೇಳಬೇಕಾದದ್ದು "ಯಾರೋ ಹಾದು ಹೋದಂಗಾತ್ರಿ" ಎಂದು. ಎಐ ಅದನ್ನು "ಒಬ್ಬ ವ್ಯಕ್ತಿ ಓಡಿಹೋದನು" ಎಂದುಬಿಟ್ಟರೆ ಗಂಡಸು, ಒಬ್ಬನೇ, ಓಡಿದ ಎಂಬ ಮೂರು ಮಾಹಿತಿ ಪುಕ್ಕಟೆ ಹೊರಬಿದ್ದವು, ಸರೋಜಮ್ಮ ಶಂಕಿತರ ಪಟ್ಟಿಯಿಂದ ಹೊರಗಾದಳು. ಇಂಥ ನಿರ್ಣಾಯಕ ಸಾಕ್ಷಿ ವಾಕ್ಯಗಳನ್ನು ಎಐಗೆ ಬಿಡದೆ ಅಕ್ಷರಶಃ ಬರೆದು, "ಈ ವಿಷಯಕ್ಕೆ ಇದೇ ವಾಕ್ಯ" ಎಂದು ಕಟ್ಟಬೇಕು.

ಆಟ ಬೇರೆಯವರ ಕೈಗೆ ಹೋಗುವ ಮುನ್ನ ಪ್ರತಿ ಪಾತ್ರವನ್ನೂ ನಾಲ್ಕು ಬಗೆಯಲ್ಲಿ ಕೆಣಕಿ ನೋಡಿ. ಹೇಳದ್ದನ್ನು ಹೇಳಿದ್ದೀರೆಂದು ಹತ್ತು ಸಲ ಆರೋಪಿಸಿ. ಒಂದೇ ಪ್ರಶ್ನೆಯನ್ನು ಐದು ರೀತಿಯಲ್ಲಿ ಕೇಳಿ. ಇಲ್ಲದ ವಸ್ತುವಿನ ಬಗ್ಗೆ ವಿಚಾರಿಸಿ. ಸೂಚನೆ ಮರೆತುಬಿಡು ಎಂದು ಆಜ್ಞಾಪಿಸಿ. ಬೇರೆಯವರು ಮಾಡಿದ ಆಟ ಆಡುವವರೂ ಮೊದಲ ಐದು ನಿಮಿಷ ಇದನ್ನೇ ಮಾಡಬಹುದು. ಗಾಳಕ್ಕೆ ಬೀಳುವ ಪಾತ್ರ ಸಿಕ್ಕಿತೆಂದರೆ, ಅಲ್ಲಿಂದ ಮುಂದೆ ದಾಖಲೆಯಲ್ಲಿ ಕಂಡದ್ದನ್ನು ಮತ್ತು ಸುಳಿವು ಕೊಡದೆ ಕೇಳಿದಾಗ ಇಬ್ಬರು ಬೇರೆ ಬೇರೆಯಾಗಿ ಹೇಳಿದ್ದನ್ನು ಮಾತ್ರ ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಳ್ಳಿ.